ಹದಿನೇಳನೇ ಡಬ್ಬಿಯ ಬಿಲ್ಲೆ

ಜನವರಿ 9

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ಹೇಳಿದರೆ ಅರ್ಧ ನಿನಗೆ ಕೇಳಿಸುವುದಿಲ್ಲ, ಇನ್ನರ್ಧ ಕೇಳಿಸಿದ ಹಾಗೆ ನಟಿಸುತ್ತೀಯ. ಆದ್ದರಿಂದ ಎಂದಿನಂತೆ ಕಾಗದ. ನಲವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿನ್ನ ಕಿವಿ ಹೋಯಿತು, ಅಂಚೆಯವನಿಗೆ ಕೆಲಸ ಸಿಕ್ಕಿತು.

ಈ ಸಲ ಸುದ್ದಿ ಇದೆ, ಕೂತುಕೊಂಡು ಓದು. ಸುತ್ತಿನ ಡಬ್ಬಿ ನಮ್ಮ ಪ್ರಯೋಗಾಲಯಕ್ಕೆ ಬಂತು! ಸುತ್ತು ಎಂದರೇನೆಂದು ನಿನಗೆ ನಾನು ಹೇಳುವುದು ತಮಾಷೆಯೇ. ಆದರೆ ನಿನ್ನೆಯಿಂದ ಇಲ್ಲಿಯ ಹೊಸಬರಿಗೆ ಹೇಳಿ ಹೇಳಿ ಬಾಯಿಪಾಠವಾಗಿದೆ. ಒಂದೇ ಡಬ್ಬಿ, ಒಂದೇ ಸೀಸೆಯ ಹರಳು, ಹನ್ನೆರಡು ದೇಶಗಳ ಹನ್ನೆರಡು ಪ್ರಯೋಗಾಲಯಗಳು. ಪ್ರತಿಯೊಬ್ಬರೂ ಆ ಹರಳಿನ ಒಂದು ಚೂರನ್ನು ಡಬ್ಬಿಯೊಳಗಿನ ಎರಡು ವಜ್ರಗಳ ಮೊನೆಯ ನಡುವೆ ಇಟ್ಟು, ಭೂಮಿಯ ಹೊಟ್ಟೆಯೊಳಗಿರುವಷ್ಟು ಒತ್ತಡ ಹಾಕಿ, ಎಕ್ಸ್-ಕಿರಣ ಹಾಯಿಸಿ, ಹರಳು ಎಷ್ಟು ಕುಗ್ಗಿತು ಎಂದು ಅಳೆದು, ಜೊತೆಗೆ ಬಂದಿರುವ ಪುಸ್ತಕದಲ್ಲಿ ಒಂದು ಪುಟ ಬರೆದು ಮುಂದಿನವರಿಗೆ ಕಳಿಸಬೇಕು. ಅಳತೆ ಹೊಂದದಿದ್ದರೆ ತಪ್ಪು ಹರಳಿನದೂ ಅಲ್ಲ, ಡಬ್ಬಿಯದೂ ಅಲ್ಲ, ನಮ್ಮದು.

ಡಬ್ಬಿಯನ್ನು ಮಗುಚಿದೆ. ಕೆಳಗಿನ ತಿರುಪಿನ ಪಕ್ಕದಲ್ಲಿ ಮೂರು ಚುಕ್ಕೆ, ಆಮೇಲೆ 17. ನಿನ್ನ ಚುಕ್ಕೆ ಅಪ್ಪ! ಡಬ್ಬಿ ಮೂವತ್ತು ವರ್ಷ ಊರೂರು ತಿರುಗಿದೆ, ಇನ್ನೂ ತಿರುಪು ಬೆಣ್ಣೆಯ ಹಾಗೆ ತಿರುಗುತ್ತದೆ. ಎಲ್ಲರನ್ನೂ ಕರೆದು, “ಇದು ನಮ್ಮಪ್ಪ ಮಾಡಿದ್ದು ಕಣ್ರೋ” ಎಂದು ಜಂಬ ಕೊಚ್ಚಿಕೊಂಡೆ. ನಮ್ಮ ಸುರಕ್ಷತಾ ಅಧಿಕಾರಿ ಮಾತ್ರ ಮುಖ ಗಂಟು ಹಾಕಿಕೊಂಡೇ ನಿಂತಿದ್ದಳು. ಎಲ್ಲದಕ್ಕೂ ಬೀಗ ಹಾಕುವ ಅವಳಿಗೆ ನಾವು ಬೀಗದಮ್ಮ ಎಂದು ಹೆಸರಿಟ್ಟಿದ್ದೇವೆ.

ಇನ್ನು ನಿನ್ನ ಪ್ರಶ್ನೆ. ನಾನು ಈ ಕೆಲಸಕ್ಕೆ ಸೇರಿ ಹದಿನೈದು ವರ್ಷ, ನಿನ್ನ ಒಂದೊಂದು ಕಾಗದದ ಕೊನೆಗೂ ಅದೇ ಸಾಲು: ವಜ್ರದ ಕೆಳಗೆ ಆಸರೆಗೆ ಯಾವ ಲೋಹದ ಬಿಲ್ಲೆ ಹಾಕುತ್ತೀರಿ? ಮದುವೆ ಯಾವಾಗ ಎಂದು ಕೇಳುವ ಅಪ್ಪಂದಿರಿದ್ದಾರೆ, ನನಗೆ ಸಿಕ್ಕಿದ್ದು ಬಿಲ್ಲೆ ಕೇಳುವ ಅಪ್ಪ. ಪ್ರತಿ ಸಲ “ಟಂಗ್‌ಸ್ಟನ್, ಅಪ್ಪ” ಎಂದು ಬರೆದಿದ್ದೇನೆ. ಈ ಸಲ ಉತ್ತರ ಬೇರೆ. ಬೆರಿಲಿಯಮ್, ನೀನೇ ಕೂರಿಸಿದ್ದು. ಎಕ್ಸ್-ಕಿರಣ ಅದರೊಳಗೆ ಗಾಜಿನಲ್ಲಿ ಬೆಳಕು ಹಾದ ಹಾಗೆ ಹಾದುಹೋಗುತ್ತದೆ. ಯಾರೋ ಬೀಳಿಸಿ ಅದರ ಅಂಚಿಗೆ ಪೆಟ್ಟು ಮಾಡಿದ್ದರು, ಬಿಲ್ಲೆ ಅಲುಗುತ್ತಿತ್ತು. ಹಾಗೇ ಬಿಟ್ಟರೆ ವಜ್ರ ವಾಲಿ ಸೀಳುತ್ತದೆ. ನಿಯಮದಂತೆ ಹಿಂದಕ್ಕೆ ಕಳಿಸಿ ನಾಲ್ಕು ತಿಂಗಳು ಕಾಯಬೇಕು. ನಾನು ಯಾರ ಮಗಳು? ಬೀಗದಮ್ಮ ಊಟಕ್ಕೆ ಹೋದ ಹೊತ್ತು ನೋಡಿ ಸಣ್ಣ ಅರ ತೆಗೆದು, ನೀನು ಕಲಿಸಿದ ಹಾಗೆ ಒಂದೇ ದಿಕ್ಕಿಗೆ ಹತ್ತು ಸಲ ಎಳೆದೆ. ಉಫ್ ಎಂದು ಊದಿದೆ. ಮತ್ತೆ ಹತ್ತು, ಮತ್ತೆ ಉಫ್. ಬಿಲ್ಲೆ ಹೋಗಿ ತನ್ನ ಜಾಗದಲ್ಲಿ ಕೂತಿತು. ನೀನು ನೋಡಿದ್ದರೆ ಬೆನ್ನು ತಟ್ಟುತ್ತಿದ್ದೆ.

ನಿನ್ನ
ಗುಬ್ಬಿ

&nbsp;

ಜನವರಿ 17

ಗುಬ್ಬಿ,

ನಿನ್ನ ಕಾಗದ ಈಗ ತಾನೇ ಬಂತು. ಕ್ಷೇಮ, ಆಶೀರ್ವಾದ ಎಲ್ಲ ಆಮೇಲೆ. ಆ ಬಿಲ್ಲೆಯನ್ನು ಇನ್ನು ಮುಟ್ಟಬೇಡ. ಅರವನ್ನೂ ಮುಟ್ಟಬೇಡ. ಆ ಕೋಣೆಯ ಕಿಟಕಿ ತೆಗೆಯಬೇಡ, ಗುಡಿಸಬೇಡ, ಬಟ್ಟೆಯಿಂದ ಒರೆಸಲೇಬೇಡ. ಅವತ್ತು ಹಾಕಿದ್ದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಾಯಿ ಬಿಗಿದು ಇಡು. ಕೊಡವಬೇಡ. ಆ ಬೀಗದಮ್ಮನಿಗೆ ಇವತ್ತೇ ಹೇಳು. ಬೈದರೆ ಬೈಸಿಕೋ.

ಫೋನ್ ಮಾಡಿದ್ದೆ. ಯಾರೋ ಎತ್ತಿಕೊಂಡರು, ಏನು ಹೇಳಿದರೋ ಕೇಳಿಸಲಿಲ್ಲ. ನಾನು ಮೂರು ಸಲ ಕಿರುಚಿ ಇಟ್ಟೆ.

ನಿನಗೆ ಕೆಮ್ಮು ಇದೆಯಾ? ಒಣ ಕೆಮ್ಮು? ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದಾ? ಇದ್ದದ್ದು ಇದ್ದ ಹಾಗೆ ಬರಿ.

ಅಪ್ಪ

&nbsp;

ಫೆಬ್ರವರಿ 2

ಪ್ರೀತಿಯ ಅಪ್ಪನಿಗೆ,

ನಿನ್ನ ಕಾಗದ ಓದಿ ಮೊದಲು ನಗು ಬಂತು. ಎಂದೂ ಒಂದು ಸಾಲಿನಲ್ಲಿ ಎರಡು ಸಲ ‘ಬೇಡ’ ಬರೆಯದ ಮನುಷ್ಯ ಇಡೀ ಕಾಗದ ಬೇಡ ಬೇಡ ಎಂದು ತುಂಬಿಸಿದ್ದೀಯ. ಆಮೇಲೆ ನಗು ನಿಂತಿತು.

ಬೀಗದಮ್ಮನಿಗೆ ಹೇಳಿದೆ. ಬೈಯಲಿಲ್ಲ ಅಪ್ಪ, ಬೈದಿದ್ದರೆ ಚೆನ್ನಾಗಿತ್ತು. ಬೆಳ್ಳಗಾಗಿಹೋದಳು. “ಬಾಯಲ್ಲಿ ಊದಿದ್ರಾ? ಬಾಯಲ್ಲಿ?” ಎಂದು ಎರಡು ಸಲ ಕೇಳಿದಳು. ಕೋಣೆಗೆ ಬೀಗ, ಬಾಗಿಲ ಸಂದಿಗೆ ಟೇಪು. ಮೂತಿಗೆ ದೊಡ್ಡ ಮುಖವಾಡ ಹಾಕಿಕೊಂಡ ಇಬ್ಬರು ಬಂದು ನನ್ನ ಮೇಜಿನ ಮೇಲಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿದರು, ನನ್ನ ಚಹಾದ ಬಟ್ಟಲನ್ನೂ ಬಿಡಲಿಲ್ಲ. ಆ ಲೋಹದ ಧೂಳು ಕೆಟ್ಟದ್ದು ಎಂದು ನನಗೂ ಗೊತ್ತಿತ್ತು. ಒಂದೇ ಸಲ, ಒಂದು ಚಿಟಿಕೆ, ಏನಾದೀತು ಎಂದುಕೊಂಡಿದ್ದೆ.

ಕೋಣೆಗೆ ಹೋಗಿ ಬಂದ ಐದೂ ಜನರ ರಕ್ತ ತೆಗೆದರು. ಆ ಪರೀಕ್ಷೆ ಇನ್ನೊಂದು ಊರಿನಲ್ಲಿ ಆಗಬೇಕು, ಅದೂ ಒಂದು ದಿನದೊಳಗೆ ತಲುಪಬೇಕು. ರಕ್ತದ ಕಣಗಳಿಗೆ ಆ ಲೋಹವನ್ನು ತೋರಿಸುತ್ತಾರಂತೆ, ಪರಿಚಯ ಇದ್ದರೆ ರೇಗುತ್ತವಂತೆ, ಇಲ್ಲದಿದ್ದರೆ ಸುಮ್ಮನಿರುತ್ತವಂತೆ. ನಾಲ್ಕು ಜನರದ್ದು ಸುಮ್ಮನಿತ್ತು. ನನ್ನದು ರೇಗಿತು. ಎರಡನೇ ಸಲ ತೆಗೆದು ಕಳಿಸಿದರು. ಮತ್ತೆ ರೇಗಿತು.

ಎದೆಯ ಸ್ಕ್ಯಾನ್ ಮಾಡಿದರು. ಅಲ್ಲಲ್ಲಿ ಸಾಸಿವೆಯಷ್ಟು ಚುಕ್ಕೆಗಳು. ವೈದ್ಯೆ ಒಳ್ಳೆಯವಳು, ಮುಚ್ಚುಮರೆ ಇಲ್ಲದೆ ಮಾತಾಡುತ್ತಾಳೆ. “ಮೂರು ವಾರದ ಹಿಂದೆ ಊದಿದ್ದಕ್ಕೆ ಇಷ್ಟೆಲ್ಲ ಆಗಲ್ಲ. ಇದು ಹಳೇದು, ತುಂಬಾ ಹಳೇದು. ಮೊದಲು ಯಾವಾಗ ಈ ಲೋಹದ ಹತ್ತಿರ ಇದ್ರಿ?” ಎಂದು ಕೇಳಿದಳು. ಎಂದೂ ಇಲ್ಲ ಎಂದೆ. ಹದಿನೈದು ವರ್ಷವೂ ಟಂಗ್‌ಸ್ಟನ್. ಅವಳು ಅದನ್ನು ಬರೆದುಕೊಳ್ಳಲಿಲ್ಲ.

ಮಾರ್ಚ್ ಹದಿನಾಲ್ಕಕ್ಕೆ ಮೂಗಿನ ಮೂಲಕ ನಳಿಕೆ ಇಳಿಸಿ ಶ್ವಾಸಕೋಶದಿಂದ ಒಂದು ಚಿವುಟು ತೆಗೆಯುತ್ತಾರೆ. ಗಂಟುಗಳು ಇವೆಯೋ ಇಲ್ಲವೋ ಆಗ ಗೊತ್ತಾಗುತ್ತದೆ. ಇದ್ದರೆ ಅದು ವಾಸಿಯಾಗುವ ಕಾಯಿಲೆಯಲ್ಲವಂತೆ, ತಡೆಯಬಹುದು ಅಷ್ಟೇ.

ಅಪ್ಪ, ನನಗೆ ಭಯ ಆಗುತ್ತಿದೆ. ನನ್ನ ಮನೆ ಮೂರನೇ ಮಹಡಿಯಲ್ಲಿದೆ ತಾನೇ? ಐವತ್ತೆರಡು ಮೆಟ್ಟಿಲು. ಇಷ್ಟು ವರ್ಷ ಎಣಿಸಿರಲಿಲ್ಲ. ಈಗ ಪ್ರತಿ ಮೆಟ್ಟಿಲಿಗೂ ನನ್ನ ಉಸಿರನ್ನು ನಾನೇ ಕದ್ದು ಕೇಳುತ್ತೇನೆ. ಹೋದ ವರ್ಷದಿಂದ ಬೆಳಿಗ್ಗೆ ಸ್ವಲ್ಪ ಕೆಮ್ಮು ಇದೆ, ಧೂಳು ಎಂದುಕೊಂಡಿದ್ದೆ.

ನನಗೆ ನೆನಪಿಲ್ಲ, ನೀನು ಹೇಳು. ಚಿಕ್ಕವಳಿದ್ದಾಗ ನಾನು ನಿನ್ನ ಕಾರ್ಯಾಗಾರಕ್ಕೆ ಬಂದಿದ್ದೆನಾ?

ಗುಬ್ಬಿ

&nbsp;

ಫೆಬ್ರವರಿ 12

ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಚಳಿ ಕಡಿಮೆಯಾಗಿದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ವಾಷರ್ ಸವೆದಿತ್ತು. ಅಂಗಡಿಯಲ್ಲಿ ಆ ಅಳತೆಯದು ಸಿಗದೆ ನಾನೇ ಹಳೆ ರಬ್ಬರು ಕತ್ತರಿಸಿ ಹಾಕಿದೆ. ಎದುರು ಮನೆಯ ದರ್ಜಿ ತನ್ನದೂ ಒಂದು ನೋಡಿಕೊಡಿ ಎಂದ. ಅಲ್ಲಿ ಹೋದರೆ ನಲ್ಲಿಗಿಂತ ಅವನ ಬಾಯಿಯೇ ಹೆಚ್ಚು ಸೋರುತ್ತದೆ, ಎರಡು ಗಂಟೆ ಹೋಯಿತು.

ನೀನು ಕೇಳಿದ್ದು: ಇಲ್ಲ. ಕಾರ್ಯಾಗಾರಕ್ಕೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಗೇಟಿನಲ್ಲೇ ತಡೆಯುತ್ತಿದ್ದರು. ಆ ಲೋಹವನ್ನು ನಾನು ಮನೆಗೆ ತಂದದ್ದೂ ಇಲ್ಲ. ನಿಯಮ ಅಂದರೆ ನಿಯಮ. ವೈದ್ಯರು ನೂರು ಹೇಳುತ್ತಾರೆ, ಎಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಪುಸ್ತಕ ಓದಿ ಓದಿ ಇಲ್ಲದ ಕಾಯಿಲೆ ಎಳೆದುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆಚ್ಚಗಿರು. ನಿನಗೆ ನಿನ್ನ ಅಮ್ಮನ ಹಾಗೆ ಆಗುವುದಿಲ್ಲ.

ಮಾರ್ಚ್ ಹದಿನಾಲ್ಕರ ಪರೀಕ್ಷೆಗೆ ನಾನು ಬರಲೇ?

ಅಪ್ಪ

&nbsp;

ಫೆಬ್ರವರಿ 23

ಅಪ್ಪನಿಗೆ,

ನಾನು ಅಮ್ಮನ ಮಾತೇ ಎತ್ತಿರಲಿಲ್ಲ.

ನಿಮ್ಮ ಕಾಗದವನ್ನು ಹತ್ತು ಸಲ ಓದಿದ್ದೇನೆ. ನಲ್ಲಿ, ವಾಷರು, ದರ್ಜಿ. ಆಮೇಲೆ ಆ ಒಂದು ಸಾಲು. ಅಮ್ಮ ಹೋಗಿ ಹತ್ತೊಂಬತ್ತು ವರ್ಷ. ಮೊದಲು ಕ್ಷಯ ಎಂದು ಮಾತ್ರೆ ಕೊಟ್ಟರು, ಆಮೇಲೆ ಕ್ಷಯ ಅಲ್ಲ ಎಂದರು, ಕೊನೆಗೆ “ಶ್ವಾಸಕೋಶದಲ್ಲಿ ಗಂಟುಗಳು, ಕಾರಣ ಗೊತ್ತಿಲ್ಲ” ಎಂದು ಬರೆದು ಕೈ ತೊಳೆದುಕೊಂಡರು. ನನಗೆ ಅಷ್ಟೇ ಗೊತ್ತಿದ್ದದ್ದು. ನಿಮಗೆ ಇನ್ನೇನು ಗೊತ್ತು?

ಮೊನ್ನೆ ಊಟಕ್ಕೆ ಕೂತಿದ್ದೆ. ಬ್ರೆಡ್ಡಿನ ಪುಡಿ ಮೇಜಿನ ಮೇಲೆ ಬಿತ್ತು. ಯೋಚನೆಯೇ ಇಲ್ಲದೆ ಬಗ್ಗಿ ಉಫ್ ಎಂದು ಊದಿದೆ. ಇದನ್ನು ನಾನು ಎಲ್ಲಿ ಕಲಿತೆ ಅಪ್ಪ? ಕಾರ್ಯಾಗಾರಕ್ಕೆ ಬಂದಿಲ್ಲ ಎಂದರೆ ಅರ ಹಿಡಿಯುವುದನ್ನು ಎಲ್ಲಿ ಕಲಿತೆ?

ಊಟದ ಮೇಜು. ಕಿಟಕಿಯ ಪಕ್ಕದ್ದು. ನಿಮ್ಮ ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ಅಮ್ಮ ಕೈಯಲ್ಲಿ ತಟ್ಟೆ ಹಿಡಿದು ನಿಂತು, “ಇದು ಊಟದ ಮೇಜು ಕಣ್ರೀ, ನಿಮ್ಮ ಕಾರ್ಖಾನೆ ಅಲ್ಲ” ಎನ್ನುತ್ತಿದ್ದಳು. ನೀವು, “ಇನ್ನೊಂದೇ ನಿಮಿಷ, ಇದೊಂದು ಕೂತುಬಿಡಲಿ” ಎನ್ನುತ್ತಿದ್ದಿರಿ.

ಏನು ಕೂರಬೇಕಿತ್ತು? ಯಾವ ಬಿಲ್ಲೆ?

ಹದಿನೈದು ವರ್ಷ ನೀವು ನನ್ನನ್ನು ಕೇಳಿದ ಪ್ರಶ್ನೆಯನ್ನೇ ನಾನು ಈಗ ಕೇಳುತ್ತಿದ್ದೇನೆ. ನೀವು ಬರುವುದು ಬೇಡ. ಉತ್ತರ ಬರೆಯಿರಿ.

ಗುಬ್ಬಿ

&nbsp;

ಮಾರ್ಚ್ 4

ಮಗಳೇ,

ನೀವು ಎಂದು ಬರೆದಿದ್ದೀಯ. ಓದಿದೆ.

ಬೆರಿಲಿಯಮ್. ನಾನು ಹೋದ ಸಲ ಬರೆದದ್ದು ಸುಳ್ಳು.

ಆಗ ಅಂಥ ಡಬ್ಬಿ ಮಾಡುವವರು ಎಲ್ಲೂ ಹೆಚ್ಚಿರಲಿಲ್ಲ. ನಮ್ಮ ಕಾರ್ಯಾಗಾರದ ಪ್ರೊಫೆಸರು ನಕ್ಷೆ ಕೊಡುತ್ತಿದ್ದರು, ನಾನು ಮಾಡುತ್ತಿದ್ದೆ, ಅದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಯಂತ್ರದಲ್ಲಿ ಎಷ್ಟೇ ಕೊರೆದರೂ ಬಿಲ್ಲೆ ಕೊನೆಗೆ ಒಂದು ಕೂದಲೆಳೆಯಷ್ಟು ಹೆಚ್ಚೋ ಕಡಿಮೆಯೋ ಇರುತ್ತಿತ್ತು. ಅದನ್ನು ಕೈಯಲ್ಲೇ ಕೂರಿಸಬೇಕು. ಪ್ರೊಫೆಸರು ಪರದೇಶದಿಂದ ಬಂದವರ ಮುಂದೆಲ್ಲ, “ಇದು ಯಂತ್ರದಿಂದ ಆಗೋದಲ್ಲ, ಇವರ ಕೈಯಿಂದಲೇ ಆಗ್ಬೇಕು” ಎನ್ನುತ್ತಿದ್ದರು. ನಾನು ಹತ್ತನೇ ತರಗತಿ ಪಾಸಾದವನು. ಆ ಮಾತು ಕೇಳಿ ಎರಡಡಿ ಎತ್ತರ ಆಗುತ್ತಿದ್ದೆ. ಸೋಮವಾರ ಪಾರ್ಸೆಲ್ ಹೋಗಬೇಕು, ಭಾನುವಾರ ಕಾರ್ಯಾಗಾರಕ್ಕೆ ಬೀಗ. ಮನೆಯ ಕಿಟಕಿಯಲ್ಲಿ ಬೆಳಕು ಚೆನ್ನಾಗಿತ್ತು. ಕೆಲಸ ಮನೆಗೇ ತಂದೆ. ಮೂವತ್ತೊಂದು ಡಬ್ಬಿಗಳಲ್ಲಿ ಇಪ್ಪತ್ತರ ಬಿಲ್ಲೆಗಳನ್ನಾದರೂ ಆ ಮೇಜಿನ ಮೇಲೆ ಕೂರಿಸಿರಬೇಕು. ಹದಿನೇಳನೆಯದು ನನಗೆ ಚೆನ್ನಾಗಿ ನೆನಪಿದೆ, ನಿನಗೆ ಎಂಟು ತುಂಬಿದ ವಾರ.

ನೀನು ನನ್ನ ಎಡಗಡೆ ಸ್ಟೂಲಿನ ಮೇಲೆ ಕೂರುತ್ತಿದ್ದೆ. ನಿನ್ನ ಗಲ್ಲ ಮೇಜಿಗೆ ತಾಗುತ್ತಿತ್ತು. ನಾನು ಅರ ಎಳೆಯುವಾಗ ಕೈ ಅಲುಗಬಾರದೆಂದು ಉಸಿರು ಹಿಡಿಯುತ್ತಿದ್ದೆ. ಅದು ನಮ್ಮ ಕಸುಬಿನವರೆಲ್ಲರ ಅಭ್ಯಾಸ. ಹತ್ತು ಎಳೆತಕ್ಕೆ ಒಂದು ಉಸಿರು, ಆಮೇಲೆ ಕುರ್ಚಿಗೆ ಒರಗಿ, ಮುಖ ಕಿಟಕಿಯ ಕಡೆ ತಿರುಗಿಸಿ ಉಸಿರು ಬಿಡುತ್ತಿದ್ದೆ. ನಡುವೆ ಪುಡಿ ಊದಬೇಕಲ್ಲ, ನಾನು ಅಲುಗುವ ಹಾಗಿರಲಿಲ್ಲ. “ಊದು ಗುಬ್ಬಿ” ಎನ್ನುತ್ತಿದ್ದೆ. ನೀನು ಕೆನ್ನೆ ಉಬ್ಬಿಸಿ ಊದುತ್ತಿದ್ದೆ. ಒಂದು ದಿನ ನಿನ್ನನ್ನು ಕರೆಯದೆ ಕೂತದ್ದಕ್ಕೆ ನೀನು ಅತ್ತು ರಂಪ ಮಾಡಿದ್ದೆ. ಆಮೇಲೆ ನಾನು ಪ್ರತಿ ಸಲ ನೆನಪಿಟ್ಟು ಕರೆಯುತ್ತಿದ್ದೆ.

ನಿನ್ನ ಅಮ್ಮ ಮೇಜು ಒರೆಸುತ್ತಿದ್ದಳು. ಒಣ ಬಟ್ಟೆ. “ನಿಮ್ಮ ಬೂದಿ ಇಲ್ಲೂ ಬಂತು, ಅಲ್ಲೂ ಬಂತು” ಎಂದು ಗೊಣಗುತ್ತಾ ಕಿಟಕಿಯಲ್ಲಿ ಕೊಡವುತ್ತಿದ್ದಳು. ಗಾಳಿ ಒಳಗಡೆಗೇ ಬೀಸುತ್ತಿತ್ತು. ನನ್ನ ಕೋಟನ್ನೂ ಅಲ್ಲೇ ಕೊಡವುತ್ತಿದ್ದಳು.

ಆಗ ನನಗೆ ಗೊತ್ತಿರಲಿಲ್ಲ. ಇದನ್ನು ನೀನು ನಂಬಬೇಕು. ನಂಬದಿದ್ದರೆ ನಾನು ಏನೂ ಮಾಡಲಾರೆ. ಆದರೆ ಆಮೇಲೆ ಗೊತ್ತಾಯಿತು. ಅಮ್ಮ ಹೋಗಿ ಹನ್ನೊಂದು ತಿಂಗಳಿಗೆ ಕಾರ್ಯಾಗಾರದಿಂದ ಎಲ್ಲರಿಗೂ ಒಂದು ಸುತ್ತೋಲೆ ಬಂತು. ಇನ್ನು ಈ ಲೋಹವನ್ನು ಕೈಯಲ್ಲಿ ಉಜ್ಜಬಾರದು, ಉಜ್ಜಿದವರು ರಕ್ತಪರೀಕ್ಷೆ ಮಾಡಿಸಿಕೊಳ್ಳಿ, ಮನೆಯವರಿಗೂ ಮಾಡಿಸಿ ಎಂದಿತ್ತು. ಕೆಳಗೆ ಲಕ್ಷಣಗಳು. ಒಣ ಕೆಮ್ಮು. ತೂಕ ಇಳಿಯುವುದು. ಸಂಜೆಯ ಜ್ವರ. ಮೆಟ್ಟಿಲಲ್ಲಿ ಕೂತುಬಿಡುವುದು. ಯಾರೋ ನಮ್ಮ ಮನೆಗೆ ಬಂದು ಅವಳನ್ನು ನೋಡಿಕೊಂಡು ಬರೆದ ಹಾಗಿತ್ತು. ಓದಿದೆ, ಮಡಿಸಿದೆ, ತಗಡಿನ ಪೆಟ್ಟಿಗೆಯಲ್ಲಿಟ್ಟೆ. ಪರೀಕ್ಷೆ ಮಾಡಿಸಲಿಲ್ಲ. ಮಾಡಿಸಿದರೆ ಅವಳನ್ನು ಕೊಂದವರು ಯಾರೆಂದು ಹೇಳಬೇಕಾಗುತ್ತಿತ್ತು.

ಆಗ ನಿನಗೆ ಇಪ್ಪತ್ತು. ನಾನು ಬಾಯಿ ಬಿಟ್ಟಿದ್ದರೆ ಆಗಲೇ ನಿನ್ನ ರಕ್ತ ನೋಡುತ್ತಿದ್ದರು, ಹದಿನೆಂಟು ವರ್ಷ ಮೊದಲು. ಮೂರು ವರ್ಷ ಬಿಟ್ಟು ಹರಳುಗಳ ಕೆಲಸಕ್ಕೇ ಹೋಗುತ್ತೇನೆ ಎಂದೆಯಲ್ಲ, ಅವತ್ತಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬಿಲ್ಲೆ ಯಾವುದೆಂದು ಕೇಳಿದೆ. ನೀನು ಟಂಗ್‌ಸ್ಟನ್ ಎಂದು ಬರೆದಾಗಲೆಲ್ಲ ಆ ತಿಂಗಳು ನನಗೆ ಊಟ ಸೇರುತ್ತಿತ್ತು.

ಆ ಮೇಜಿನ ಮೇಲೇ ಇದನ್ನು ಬರೆಯುತ್ತಿದ್ದೇನೆ. ಎಪ್ಪತ್ತನಾಲ್ಕು ವರ್ಷ ನನಗೆ. ಇಷ್ಟು ಭಯ ಎಂದೂ ಆಗಿರಲಿಲ್ಲ.

ಅಪ್ಪ

&nbsp;

ಮಾರ್ಚ್ 30

ಗುಬ್ಬಿ,

ಇಪ್ಪತ್ತಾರು ದಿನ ಆಯಿತು. ಅಂಚೆಯವನು ಈಗ ನಮ್ಮ ಗೇಟಿನ ಮುಂದೆ ಸೈಕಲ್ ನಿಧಾನ ಮಾಡಿ, ಕೈ ಆಡಿಸಿ ಹೋಗುತ್ತಾನೆ.

ಹದಿನಾಲ್ಕನೇ ತಾರೀಕು ನಿನ್ನ ಪರೀಕ್ಷೆ ಆಗಿರಬೇಕು. ಏನಾಯಿತು ಎಂದು ನನಗೆ ಗೊತ್ತಿಲ್ಲ. ನೋವಾಯಿತಾ? ಜೊತೆಗೆ ಯಾರಿದ್ದರು? ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಅಮ್ಮನ ಎದೆಯ ಎಕ್ಸ್-ರೇ ಫಿಲ್ಮುಗಳನ್ನು, ಅವಳ ಆಸ್ಪತ್ರೆಯ ಚೀಟಿಗಳನ್ನು, ಆ ಸುತ್ತೋಲೆಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಫಿಲ್ಮು ಮಡಿಸಬೇಡಿ ಎಂದು ಕವರಿನ ಮೇಲೆ ದಪ್ಪಗೆ ಬರೆದಿದ್ದೇನೆ. ನಿನ್ನ ವೈದ್ಯೆಗೆ ಉಪಯೋಗಕ್ಕೆ ಬರಬಹುದು.

ನಾನೂ ರಕ್ತ ಕೊಟ್ಟು ಬಂದೆ. ತೆಗೆದ ಹುಡುಗಿ, “ಈ ವಯಸ್ಸಲ್ಲಿ ಇದೆಲ್ಲ ಯಾಕೆ ತಾತ?” ಎಂದಳು. ಬೇಕು ಎಂದೆ. ನನಗೂ ಅದು ಇದೆ ಎಂದು ಬಂದರೆ ಸಾಕು ಅನ್ನಿಸುತ್ತಿದೆ. ಇಂಥ ಆಸೆ ಯಾರಿಗಾದರೂ ಇರುತ್ತದಾ?

ಒಂದೇ ಸಾಲು ಬರಿ. ಬೈದಾದರೂ ಬರಿ.

ಅಪ್ಪ

&nbsp;

ಏಪ್ರಿಲ್ 8

ಅಪ್ಪನಿಗೆ,

ಗಂಟುಗಳಿವೆ. ಕಾಯಿಲೆ ಅದೇ. ಶುರುವಿನದು ಎನ್ನುತ್ತಾರೆ. ಮಾತ್ರೆ ಶುರುಮಾಡಿದ್ದಾರೆ, ಮುಖ ಊದಿಕೊಂಡಿದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಎಲ್ಲಿಯವರೆಗೆ ಎಂದು ಕೇಳಬಾರದು. ಕೆಲವರಿಗೆ ಹೀಗೇ ಇಪ್ಪತ್ತು ವರ್ಷ ನಿಂತುಬಿಡುತ್ತದಂತೆ. ಕೆಲವರಿಗೆ ನಿಲ್ಲುವುದಿಲ್ಲ. ನಾನು ಯಾವ ಗುಂಪಿನವಳೆಂದು ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ. ಒಂದು ಹರಳು ಯಾವ ಒತ್ತಡಕ್ಕೆ ಮುರಿಯುತ್ತದೆ ಎಂದು ನಾಲ್ಕು ದಶಾಂಶದವರೆಗೆ ಹೇಳಬಲ್ಲವಳು ನಾನು, ನನ್ನ ಎದೆಯ ವಿಷಯದಲ್ಲಿ ಒಂದು ದಶಾಂಶವನ್ನೂ ಹೇಳಲಾರೆ.

ಪರೀಕ್ಷೆಯ ದಿನ ಬೀಗದಮ್ಮ ಜೊತೆಗಿದ್ದಳು. ನಾನು ಕರೆದಿರಲಿಲ್ಲ, ತಾನೇ ಬಂದಳು.

ನಿಮ್ಮ ಕವರು ಬಂತು. ಮಡಿಸಿರಲಿಲ್ಲ. ವೈದ್ಯೆ ಅಮ್ಮನ ಮೊದಲನೇ ಫಿಲ್ಮನ್ನೂ ನನ್ನದನ್ನೂ ಬೆಳಕಿನ ಹಲಗೆಗೆ ಪಕ್ಕಪಕ್ಕದಲ್ಲಿ ಸಿಕ್ಕಿಸಿದಳು. ಅಷ್ಟರಲ್ಲಿ ಫೋನ್ ಬಂದು ಹೊರಗೆ ಹೋದಳು. ವಾಪಸು ಬಂದು ಒಂದರ ಮೇಲೆ ಬೆರಳಿಟ್ಟು, “ನೋಡಿ, ನಿಮ್ಮದರಲ್ಲಿ ಇಲ್ಲಿ...” ಎಂದು ಶುರುಮಾಡಿದಳು. ಅವಳ ಬೆರಳು ಅಮ್ಮನ ಮೇಲಿತ್ತು. ನಾನು ತಿದ್ದಲಿಲ್ಲ. ಅವಳಿಗೇ ಗೊತ್ತಾಗಿ ಕೈ ತೆಗೆದಳು.

ಇಪ್ಪತ್ತಾರು ದಿನ ನಾನು ಏನು ಮಾಡುತ್ತಿದ್ದೆ ಎಂದರೆ, ನಿಮಗೆ ಕಾಗದ ಬರೆದು ಹರಿಯುತ್ತಿದ್ದೆ. ಎಲ್ಲ ಬೈಗುಳಗಳೂ ಕೊನೆಗೆ ಆ ಸ್ಟೂಲಿನ ಹತ್ತಿರ ಹೋಗಿ ನಿಲ್ಲುತ್ತಿದ್ದವು. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖದ ಜಾಗ ನನಗೆ ನೆನಪಿಲ್ಲ. ಅದನ್ನೂ ನೀವು ಕಿತ್ತುಕೊಂಡಿರಿ, ಅದಕ್ಕೇ ಹೆಚ್ಚು ಸಿಟ್ಟು.

ಈಗ ಕೆಲಸದ ಮಾತು. ಸುತ್ತು ನಿಂತಿದೆ. ಹನ್ನೆರಡು ದೇಶದವರೂ ನನ್ನನ್ನು ಕೇಳುತ್ತಿದ್ದಾರೆ: ಇಂಥ ಡಬ್ಬಿ ಎಷ್ಟಿವೆ, ಎಲ್ಲೆಲ್ಲಿವೆ, ಯಾರ್ಯಾರು ಬಿಲ್ಲೆ ತೆಗೆದು ಉಜ್ಜಿರಬಹುದು? ಪ್ರೊಫೆಸರು ತೀರಿಕೊಂಡಿದ್ದಾರೆ, ಕಾರ್ಯಾಗಾರದ ಕಡತ ಇಲ್ಲ. ಬಲ್ಲವರು ನೀವೊಬ್ಬರೇ. ಸುತ್ತಿನ ಪುಸ್ತಕವನ್ನು ಸ್ವಚ್ಛ ಮಾಡಿಸಿ, ಪರೀಕ್ಷಿಸಿ, ನಿಮಗೆ ಕಳಿಸುತ್ತಿದ್ದೇನೆ. ಮೂವತ್ತು ವರ್ಷದಿಂದ ಅದರಲ್ಲಿ ವಿಜ್ಞಾನಿಗಳು ಮಾತ್ರ ಬರೆದಿದ್ದಾರೆ. ಒಂದು ಪುಟ ಬಿಟ್ಟಿದ್ದೇನೆ. ಎಲ್ಲವನ್ನೂ ಬರೆಯಿರಿ. ಮೇಜಿನ ವಿಷಯವನ್ನೂ.

ನಿಮ್ಮ ರಕ್ತದ ಫಲಿತಾಂಶ ಬಂತೇ?

ಗುಬ್ಬಿ

&nbsp;

ಏಪ್ರಿಲ್ 21

ಮಗಳೇ,

ಪುಸ್ತಕವನ್ನು ನಿನ್ನೆ ಅಂಚೆಗೆ ಹಾಕಿದೆ. ಎರಡು ದಿನ ಪೆನ್ನು ಹಿಡಿದು ಕೂತಿದ್ದೆ. ಎಲ್ಲರೂ ಅಂಕಿಗಳನ್ನು ಎಷ್ಟು ಅಂದವಾಗಿ ಬರೆದಿದ್ದಾರೆ! ನನ್ನದು ಗೀಚು. ಒಂದು ಪುಟ ಸಾಲಲಿಲ್ಲ, ಹಿಂದಿನ ರಟ್ಟಿನ ಮೇಲೂ ಬರೆದೆ.

ಮೂವತ್ತೊಂದು ಡಬ್ಬಿಗಳೂ ಯಾವ ಊರಿಗೆ ಹೋದವೆಂದು ಬರೆದೆ. ಪಾರ್ಸೆಲ್ ಚೀಟಿ ಅಂಟಿಸುತ್ತಿದ್ದವನು ನಾನೇ, ನೆನಪಿದೆ. ನಾಲ್ಕರ ಜೊತೆಗೆ ಅರವನ್ನೂ ಇಟ್ಟು, ಬಿಲ್ಲೆ ಅಲುಗಿದರೆ ಹೀಗೆ ಉಜ್ಜಿಕೊಳ್ಳಿ ಎಂದು ಚಿತ್ರ ಬರೆದು ಕಳಿಸಿದ್ದೆ. ಆ ನಾಲ್ಕರ ಕೆಳಗೆ ಗೆರೆ ಎಳೆದಿದ್ದೇನೆ. ಮೊದಲು ಅಲ್ಲಿಗೆ ಹೇಳು. ತಡಮಾಡಬೇಡ.

ಕೊನೆಗೆ ಹೀಗೆ ಬರೆದೆ: ‘ಈ ಬಿಲ್ಲೆಗಳನ್ನು ನಾನು ಮನೆಯ ಊಟದ ಮೇಜಿನ ಮೇಲೆ ಉಜ್ಜಿದೆ. ನನ್ನ ಹೆಂಡತಿ ಮೇಜು ಒರೆಸಿದಳು, ತೀರಿಕೊಂಡಳು. ನನ್ನ ಮಗಳು ಪುಡಿ ಊದಿದಳು, ಕಾಯಿಲೆ ಬಿದ್ದಿದ್ದಾಳೆ. ಊದು ಎಂದು ಹೇಳಿದವನು ನಾನು. ಹದಿನೆಂಟು ವರ್ಷ ತಿಳಿದೂ ಸುಮ್ಮನಿದ್ದೆ.’ ಕೆಳಗೆ ಮೂರು ಚುಕ್ಕೆ ಇಟ್ಟೆ.

ಮುಖವಾಡದವರು ಇಲ್ಲಿಗೂ ಬಂದು ಮೇಜನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು. ಸ್ಟೂಲನ್ನೂ. ಬೀರುವಿನ ಬಟ್ಟೆಗಳನ್ನೂ ಒಯ್ಯುತ್ತೇವೆ ಎಂದರು, ಕೊಟ್ಟೆ. ಮೇಜಿನ ಬಿರುಕುಗಳಲ್ಲಿ ಇನ್ನೂ ಇದೆಯಂತೆ. ಇಷ್ಟು ವರ್ಷ ನಾನು ಅದರ ಮೇಲೇ ಉಂಡೆ. ಈಗ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಊಟ ಮಾಡುತ್ತೇನೆ.

ನನ್ನ ಫಲಿತಾಂಶ ಬಂತು. ರಕ್ತ ರೇಗಲಿಲ್ಲ. ಎದೆಯ ಚಿತ್ರವೂ ಸ್ವಚ್ಛ. ಈ ಲೋಹ ಕೆಲವರ ರಕ್ತಕ್ಕೆ ಮಾತ್ರ ಆಗಿಬರುವುದಿಲ್ಲವಂತೆ, ಅದು ಹುಟ್ಟಿನಿಂದ ಬರುವಂಥದು. ನಿನಗೆ ಅಮ್ಮನಿಂದ ಬಂದಿರಬೇಕು. ಅವಳ ಕಣ್ಣು, ಅವಳ ಹುಬ್ಬು ಬಂದ ಹಾಗೆ. ವೈದ್ಯರು ನನ್ನ ಕೈ ಕುಲುಕಿ, “ಅದೃಷ್ಟವಂತರು ಸಾರ್ ನೀವು, ಇಪ್ಪತ್ತೈದರ ಹುಡುಗನ ಶ್ವಾಸಕೋಶ ನಿಮ್ಮದು” ಎಂದರು. ಎದ್ದು ಬಂದು ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತೆ. ನಾಲ್ಕು ಬಸ್ಸು ಬಂದು ಹೋದವು. ಅಳು ಬಂತು, ಅತ್ತೆ.

ನನಗೆ ಏನೂ ಆಗಿಲ್ಲ ಗುಬ್ಬಿ. ಏನೂ ಆಗಿಲ್ಲ.

ಅಪ್ಪ

&nbsp;

ಮೇ 6

ಅಪ್ಪ,

ಪುಸ್ತಕ ಬಂತು. ನಿನ್ನ ಪುಟವನ್ನು ಹನ್ನೆರಡು ಭಾಷೆಗಳಿಗೆ ಅನುವಾದ ಮಾಡಿಸಿ ಎಲ್ಲರಿಗೂ ಕಳಿಸಿದೆವು. ಗೆರೆ ಎಳೆದ ನಾಲ್ಕರಲ್ಲಿ ಮೂರು ಕಡೆಯಿಂದ ಉತ್ತರ ಬಂದಿದೆ. ಒಂದು ಕಡೆ ಒಬ್ಬ ಮುದುಕ ಮೆಕ್ಯಾನಿಕ್‌ಗೆ ಏಳು ವರ್ಷದಿಂದ ಕೆಮ್ಮು, ಆಸ್ತಮಾ ಎಂದುಕೊಂಡಿದ್ದನಂತೆ. ಅವನ ರಕ್ತ ರೇಗಿದೆ. ಅವನ ಮನೆಯವರ ರಕ್ತವನ್ನೂ ತೆಗೆದಿದ್ದಾರೆ. ನಾಲ್ಕನೆಯ ಕಡೆಯಿಂದ ಇನ್ನೂ ಸುದ್ದಿ ಇಲ್ಲ, ದಿನಾ ಕಾಯುತ್ತಿದ್ದೇನೆ.

ನಿನ್ನೆ ಐವತ್ತೆರಡು ಮೆಟ್ಟಿಲು ಹತ್ತುವಾಗ ಮೂವತ್ತೊಂದನೆಯದರ ಹತ್ತಿರ ನಿಂತೆ. ಉಸಿರಿಗೋ ಭಯಕ್ಕೋ ಗೊತ್ತಾಗಲಿಲ್ಲ. ಕೂತುಕೊಳ್ಳಲಿಲ್ಲ. ಅಮ್ಮ ಕೂರುತ್ತಿದ್ದಳಲ್ಲ, ಅದಕ್ಕೇ ಕೂರಲಿಲ್ಲ.

ಮಾತ್ರೆ ಹಿಡಿದಿದೆಯೇ ಎಂದು ನೋಡಲು ಮುಂದಿನ ತಿಂಗಳೇ ಮತ್ತೆ ಸ್ಕ್ಯಾನ್. ಒಬ್ಬಳೇ ಹೋಗಲು ನನ್ನಿಂದಾಗುವುದಿಲ್ಲ ಅಪ್ಪ. ನೀನು ಬಾ.

ಹಳೇ ಕೋಟು ಬೇಡ, ಹಳೇ ಚೀಲ ಬೇಡ, ಆ ಮನೆಯಿಂದ ಒಂದು ಕರವಸ್ತ್ರವನ್ನೂ ತರಬೇಡ. ಅಂಗಡಿಗೆ ಹೋಗಿ ಹೊಸ ಬಟ್ಟೆ ಕೊಂಡು, ಅಲ್ಲೇ ಹಾಕಿಕೊಂಡು, ನೇರ ರೈಲು ಹತ್ತು. ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತೇನೆ. ನಿನ್ನ ಹತ್ತಿರ ಬರಲು ನನಗೆ ಇನ್ನೂ ಭಯ ಇದೆ. ಮೊದಲು ನಾನು ಸ್ವಲ್ಪ ದೂರವೇ ನಿಂತರೆ ತಪ್ಪು ತಿಳಿಯಬೇಡ. ಹತ್ತಿರ ಬರುತ್ತೇನೆ.

ನಿನ್ನ
ಗುಬ್ಬಿ